‘ಎಲ್ಲಿಗೆ’ ಎಂದು ಕೇಳದ ದಿನ

ನಮ್ಮ ಕಡೆ ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಕೇಳಿದರೆ ಹೋಗುವ ಕೆಲಸ ಕೆಡುತ್ತದಂತೆ. ತಿಳಿಯಲೇಬೇಕೆಂದು ಬಾಯಿ ನವೆಯಾದರೆ ‘ದೂರ ಹೊರಟ್ರಾ?’ ಅನ್ನಬಹುದು. ಹೋಗುವವರನ್ನು ಹಿಂದಿನಿಂದ ಕೂಗಿ ಕರೆಯುವುದಂತೂ ಮಹಾಪರಾಧ. ಯಾರಾದರೂ ಹಾಗೆ ಕೇಳಿಬಿಟ್ಟರೆ ಪರಿಹಾರವೂ ಇದೆ. ಹೊರಟವರು ಒಳಗೆ ವಾಪಸು ಬಂದು, ಒಂದು ಗಳಿಗೆ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು.

ಗಾವಡಗೆರೆಯ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ನಾನು ಈ ಪಾಠ ಕಲಿತೆ. ಮಾವ ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊಸಿಲು ದಾಟಿದ್ದರು. ಹೊಸ ಸೊಸೆ, ಮಾತಾಡಿಸದೆ ಇರಬಾರದು ಅಂತ ‘ಎಲ್ಲಿಗೆ ಮಾವ?’ ಅಂದೆ. ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದುಕೊಂಡೇ ಬಂದರು. “ಏ ಕೂಸೇ, ನಿಮ್ಮಪ್ಪನ ಮನೇಲಿ ಇದನ್ನೇನಾ ಕಲ್ಸಿರದು? ಒಂಟೋರ್ನ ಎಲ್ಲಿಗೆ ಅಂತ ಕೇಳ್ತಾರಾ?” ಪಾಪ, ಮಾವ ಅಲ್ಲಿಂದಲೇ ತಿರುಗಿದರು. ಒಳಗೆ ಬಂದರು, ಜಗಲಿಯ ಮೇಲೆ ಕೂತರು, ನೀರು ಕುಡಿದರು, ಹೊರಟರು. ನಾನು ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಅಲ್ಲಿಂದ ಇಪ್ಪತ್ತಾರು ವರ್ಷ ನಾನು ಯಾರನ್ನೂ ಆ ಮಾತು ಕೇಳಿರಲಿಲ್ಲ. ಕಟ್ಟಿಕೊಂಡ ಗಂಡ ಪಿರಿಯಾಪಟ್ಟಣಕ್ಕೆ ಹೊರಟರೂ ಅಷ್ಟೇ, ಪಕ್ಕದ ಬೀದಿಯ ಟೀ ಅಂಗಡಿಗೆ ಹೊರಟರೂ ಅಷ್ಟೇ. ಸಾರು ಆರಿ, ಮುದ್ದೆ ಕಲ್ಲಾದ ಮೇಲೆ ಆ ಮಹಾನುಭಾವರು ಎಲ್ಲಿದ್ದರು ಎನ್ನುವುದು ಗೊತ್ತಾಗುತ್ತಿತ್ತು. ನನಗೆ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಆದರೆ ಆ ಒಂದು ಮಾತಿಗೆ ಮಾತ್ರ ಅತ್ತೆ ನನ್ನ ನಾಲಗೆಗೆ ಬೀಗ ಹಾಕಿದ್ದರು.

ಈಗ ಹೇಳಹೊರಟಿರುವುದು ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಿನ ಮಾತು. ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಎಲ್ಲಿಗೆ ಬೇಕಾದರೂ ಹೋಗಬಹುದು. ನಮ್ಮೂರಿನ ಹೆಂಗಸರು ಗುಂಪು ಕಟ್ಟಿಕೊಂಡು ಮೈಸೂರು ನೋಡಿಬಂದು ಅರಮನೆ ಹಾಗಿದೆ, ಜಿರಾಫೆ ಹೀಗಿದೆ ಅಂತ ನಲ್ಲಿಯ ಹತ್ತಿರ ಹೇಳುತ್ತಿದ್ದರು. ಅತ್ತೆ ಬಿಂದಿಗೆ ತುಂಬಿ ಹರಿದರೂ ಕೇಳುತ್ತ ನಿಲ್ಲುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಮೈಸೂರೆಂದರೆ ಅವರಿಗೆ ಆಸ್ಪತ್ರೆ, ಅದು ಬಿಟ್ಟರೆ ಮದುವೆಯಾದ ಹೊಸತರಲ್ಲಿ, ಈಗಿಲ್ಲದ ಮಾವನ ಜೊತೆ ಹೋಗಿದ್ದ ಒಂದು ದಿನ. ಅರಮನೆಯ ಒಳಗೆ ಕಾಲಿಟ್ಟವರಲ್ಲ. ಸಾಲಿಗ್ರಾಮಕ್ಕೆ ಕೊಟ್ಟಿದ್ದ ನನ್ನ ನಾದಿನಿ, ಅಂದರೆ ಅತ್ತೆಯ ಒಬ್ಬಳೇ ಮಗಳು, ನಾಲ್ಕು ದಿನ ಇರಲು ಬಂದಿದ್ದಳು. “ಅತ್ತಿಗೆ, ಭಾನುವಾರ ನಿಮ್ಗೂ ರಜ, ಅವ್ವನ್ನ ಕರ್ಕೊಂಡೋಗಿ ತೋರ್ಸ್ಕೊಂಡು ಬರನ” ಅಂದಳು. ನಾನು ಅಂಗನವಾಡಿ ಟೀಚರು. ಇಪ್ಪತ್ತು ಚಿಳ್ಳೆಪಿಳ್ಳೆಗಳನ್ನು ಒಬ್ಬಳೇ ಸಂಭಾಳಿಸುವವಳಿಗೆ ಇಬ್ಬರು ಹೆಂಗಸರನ್ನು ಮೈಸೂರಿಗೆ ಕರೆದುಕೊಂಡು ಹೋಗುವುದು ಯಾವ ಮಹಾ ಕೆಲಸ ಅಂದುಕೊಂಡೆ.

ಬೆಳಗಿನ ಬಸ್ಸಿಗೆ ಹೊರಟು ಬೀದಿಗೆ ಬಂದಿದ್ದೆವು. ಎದುರುಮನೆಯಾಕೆ ಸಗಣಿನೀರು ಹಾಕುತ್ತಿದ್ದವಳು ತಲೆ ಎತ್ತಿ, “ಎಲ್ಲಿಗ್ರವ್ವ ಬೆಳ್‌ಬೆಳಗ್ಗೆನೇ ಸವಾರಿ?” ಅಂದುಬಿಟ್ಟಳು. ಮುಗಿಯಿತು. ಅತ್ತೆ ಅಲ್ಲೇ ನಿಂತರು. “ನಡೀರಿ ಒಳೀಕೆ, ಕೂತು ಒಂಡನ.” ಬಸ್ಸು ಕೆರೆ ಏರಿಯ ಮೇಲೆ ಹಾರನ್ ಹೊಡೆಯುತ್ತಿರುವುದು ಕೇಳಿಸುತ್ತಿದೆ. ನಾನು ಹಲ್ಲು ಕಚ್ಚಿಕೊಂಡು ಒಳಗೆ ಬಂದೆ, ಕೂತೆ, ನೀರು ಕುಡಿದೆ. ಬಸ್ಸು ಹೋಯಿತು. ಮುಂದಿನದು ಒಂದೂವರೆ ಗಂಟೆ ಬಿಟ್ಟು.

“ನಿಮ್ಮ ಶಾಸ್ತ್ರಕ್ಕೆ ಬೆಂಕಿ ಬೀಳ” ಎಂದು ಬಾಯಿಬಿಟ್ಟೇ ಅಂದೆ. ಹುಣಸೂರಿನಲ್ಲಿ ಬಸ್ಸು ಬದಲಿಸಿದೆವು. ಇಲವಾಲದ ತನಕ ನಾನು ಅವರ ಜೊತೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದು ಒಂದೇ: “ಆಧಾರ್ ಕಾರ್ಡ್ ಕೊಡಿ ಇಲ್ಲಿ, ಕಳ್ಕೊಂಡ್ಬಿಟ್ಟೀರ.” ಅವರ ಸಕ್ಕರೆ ಕಾಯಿಲೆಯ ಮಾತ್ರೆ, ರೊಟ್ಟಿ ಹುಚ್ಚೆಳ್ಳು ಚಟ್ನಿಯ ಗಂಟು, ಎಲ್ಲವನ್ನೂ ಇಸಿದು ನನ್ನ ಚೀಲಕ್ಕೆ ಹಾಕಿಕೊಂಡೆ. ಅಂಗನವಾಡಿಯಲ್ಲಿ ಮಕ್ಕಳ ಟಿಫಿನ್ನು, ಸ್ವೆಟರು ಎಲ್ಲ ನಾನೇ ಎತ್ತಿಟ್ಟುಕೊಳ್ಳುವುದು ಅಭ್ಯಾಸ. ಅತ್ತೆಯ ಕೈಗಳು ಖಾಲಿಯಾಗಿ ಮಡಿಲಲ್ಲಿ ಬಿದ್ದಿದ್ದವು. ಇಲವಾಲ ದಾಟಿದ ಮೇಲೆ ಅವರು ಮೆಲ್ಲಗೆ, “ದೊಡ್ಡ ಗಡಿಯಾರದ ತಾವ ಓಗಂಗಿದ್ರೆ…” ಎಂದು ಅರಮನೆ ಹತ್ತಿರದ ಗಡಿಯಾರ ಗೋಪುರದ ಬಗ್ಗೆ ಏನೋ ಶುರುಮಾಡಿದರು. “ಗಡಿಯಾರದಲ್ಲಿ ನೋಡೋದೇನಿದೆ? ಬಸ್ ತಪ್ಪಿಸಿ ಟೈಮೆಲ್ಲಾ ತಿಂದಾಯ್ತಲ್ಲ” ಅಂದೆ. ಅವರು ಮುಖವನ್ನು ಕಿಟಕಿಗೆ ತಿರುಗಿಸಿದರು.

ಅರಮನೆಯ ಮುಂದೆ ಜಾತ್ರೆಗಿಂತ ಹೆಚ್ಚು ಜನ. ಚಪ್ಪಲಿಗಳನ್ನು ಸ್ಟ್ಯಾಂಡಿನಲ್ಲಿ ಬಿಟ್ಟೆವು. ಟೋಕನ್ನೂ ನನ್ನ ಪರ್ಸಿಗೆ ಹೋಯಿತು. ಒಳಗೆ ಬಣ್ಣದ ಗಾಜಿನ ಸೂರಿನ ಕೆಳಗೆ ಅತ್ತೆ ಕತ್ತೆತ್ತಿ ನಿಂತುಬಿಟ್ಟರು. ಬಾಯಿ ಸ್ವಲ್ಪ ತೆರೆದಿತ್ತು. “ಇಲ್ನೋಡೇ, ನವಿಲು” ಎಂದು ನನ್ನ ಸೆರಗು ಜಗ್ಗಿದರು. ಅದು ರಾಜಿ ಮಾಡಿಕೊಳ್ಳುವ ಮಾತು ಅಂತ ಈಗ ತಿಳಿಯುತ್ತದೆ. ಆಗ ನಾನು, “ಮುಂದಕ್ಕೆ ನಡೀರಿ, ಹಿಂದೆ ಜನ ಬೈತಾರೆ, ಮೃಗಾಲಯ ಬೇರೆ ಇದೆ” ಎಂದು ಬೆನ್ನಿಗೆ ಕೈಕೊಟ್ಟು ತಳ್ಳಿದೆ. ತಳ್ಳಿದೆ ಎಂದೇ ಬರೆಯುತ್ತೇನೆ. ಮೆಲ್ಲಗೇ ತಳ್ಳಿದ್ದು, ಆದರೂ ತಳ್ಳಿದ್ದೇ.

ಹೊರಗೆ ಅಂಗಳಕ್ಕೆ ಬಂದೆವು. ನಾದಿನಿ ಒಂಟೆಯ ಹತ್ತಿರ ನಿಂತು ನನ್ನ ಕೈಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಮೊಬೈಲಿನ ಅಂಚಿನಿಂದಾಚೆಗೆ ಅತ್ತೆ ನಡೆದು ಹೋಗುವುದು ಕಾಣಿಸಿತು. ಹಸಿರು ಸೀರೆ, ಬರಿಗಾಲು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರು. ಇನ್ನಷ್ಟು ದೂರ ಹೋಗಿ ಮತ್ತೆ ತಿರುಗಿ ನೋಡಿದರು. ‘ಎಲ್ಲಿಗೆ ಅತ್ತೆ?’ ನಾಲಗೆಯ ತುದಿಗೆ ಬಂತು. ಬೆಳಿಗ್ಗೆ ಇದೇ ಮಾತಿಗೆ ಬಸ್ಸು ತಪ್ಪಿಸಿದ್ದು ನೆನಪಾಯಿತು. ಕೇಳಿದರೆ ಇಲ್ಲೂ ಕೂತು ನೀರು ಕುಡಿಯೋಣ ಅಂತಾರೆ, ಹೋಗಲಿ, ಬಾತ್‌ರೂಮಿಗೆ ಇರಬೇಕು ಅಂದುಕೊಂಡು ಮಾತನ್ನು ನುಂಗಿದೆ. ಮೊಬೈಲಿನ ಕಡೆ ನೋಡಿದೆ. ಮತ್ತೆ ಕಣ್ಣೆತ್ತಿದಾಗ ಹಸಿರು ಸೀರೆ ಇರಲಿಲ್ಲ.

ಕಾಲು ಗಂಟೆ ನನಗೆ ಏನೂ ಅನ್ನಿಸಲಿಲ್ಲ. ಅರ್ಧ ಗಂಟೆಗೆ ನಾದಿನಿ, “ಅವ್ವ ಎಲ್ಲಿ ಅತ್ತಿಗೆ?” ಅಂದಳು. ಬಾತ್‌ರೂಮಿನ ಹತ್ತಿರ ಹೋದೆವು. ಪ್ರತಿಯೊಂದು ಬಾಗಿಲನ್ನೂ ತಟ್ಟಿ ‘ಅತ್ತೆ, ಅತ್ತೆ’ ಎಂದು ಕೂಗಿದೆ. ಒಳಗಿನಿಂದ ಯಾರೋ ಹಿಂದಿಯಲ್ಲಿ ಬೈದರು. ದೇವಸ್ಥಾನದಲ್ಲಿ ನೋಡಿದೆವು. ಮರದ ನೆರಳುಗಳಲ್ಲಿ ನೋಡಿದೆವು. ಹಸಿರು ಸೀರೆ ಕಂಡಲ್ಲೆಲ್ಲ ಓಡಿದೆ. ಎಷ್ಟೊಂದು ಹಸಿರು ಸೀರೆಗಳು ಮಾರಾಯ್ರೇ ಆವತ್ತು ಅರಮನೆಯಲ್ಲಿ! ಒಬ್ಬ ಅಜ್ಜಿಯ ಭುಜ ಹಿಡಿದು ತಿರುಗಿಸಿದೆ. ಗಾಬರಿಯಾಗಿ ಅವರು ತಮಿಳಿನಲ್ಲಿ ಕಿರುಚಿಕೊಂಡರು.

ಆಮೇಲೆ ಚಪ್ಪಲಿ ಸ್ಟ್ಯಾಂಡಿಗೆ ಓಡಿದೆ. ಟೋಕನ್ ನನ್ನಲ್ಲೇ ಇದೆ ಎನ್ನುವುದೂ ಮರೆತುಹೋಗಿತ್ತು. ಅತ್ತೆಯ ಚಪ್ಪಲಿಗಳು ನಮ್ಮ ಚಪ್ಪಲಿಗಳ ನಡುವೆ ಹಾಗೇ ಇದ್ದವು. ಕಿತ್ತ ಪಟ್ಟಿಗೆ ದಾರ ಹಾಕಿ ಹೊಲಿಸಿದ್ದ ಹವಾಯಿ ಚಪ್ಪಲಿ. ಅವರ ಕಾರ್ಡ್ ನನ್ನ ಹತ್ತಿರ, ಮಾತ್ರೆ ನನ್ನ ಹತ್ತಿರ, ರೊಟ್ಟಿ ನನ್ನ ಹತ್ತಿರ. ಫೋನು ಅವರಿಗೆ ಇಲ್ಲವೇ ಇಲ್ಲ. ಬೆಳಿಗ್ಗೆ ಸಕ್ಕರೆ ಮಾತ್ರೆ ನುಂಗಿದ ಮೇಲೆ ಎರಡು ಇಡ್ಲಿ ತಿಂದಿದ್ದರು, ಅಷ್ಟೇ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಬೆವತು, ಮಾತು ತೊದಲಿ, ಕುಸಿದುಬೀಳುತ್ತಾರೆ. ಹೋದ ವರ್ಷ ಹಿತ್ತಿಲಲ್ಲಿ ಹಾಗೆ ಬಿದ್ದಿದ್ದಾಗ ಬಾಯಿಗೆ ಬೆಲ್ಲ ಇಟ್ಟವಳು ನಾನೇ. ಇಲ್ಲಿ ಬಿದ್ದರೆ ಯಾರು ಇಡುತ್ತಾರೆ? ಕುಡಿದಿದ್ದಾಳೆ ಮುದುಕಿ ಅಂತ ದಾಟಿಕೊಂಡು ಹೋಗುತ್ತಾರೆ. ಗಂಟೆ ಒಂದಾಗಿತ್ತು.

ಗೇಟಿನ ಹತ್ತಿರ ಪೊಲೀಸರಿದ್ದರು. ಒಬ್ಬಳು ಮಹಿಳಾ ಪೇದೆ ಅತ್ತೆಯ ಹೆಸರು ಕೇಳಿ ಮೈಕಿನಲ್ಲಿ ಹೇಳಿಸಿದಳು. ಆಧಾರ್ ಕಾರ್ಡಿನಲ್ಲಿದ್ದ ಆ ಹೆಸರಿನಿಂದ ಅತ್ತೆಯನ್ನು ಕರೆದವರು ಈಗ ಯಾರೂ ಬದುಕಿಲ್ಲ. ಊರಿಗೆಲ್ಲ ಅವರು ದೊಡ್ಡವ್ವ. ಕೇಳಿಸಿದರೂ ತನ್ನನ್ನೇ ಅಂತ ಅವರಿಗೆ ಹೊಳೆಯುತ್ತದೋ ಇಲ್ಲವೋ. “ಗಾವಡಗೆರೆ ಕಡೆ ದೊಡ್ಡವ್ವ ಅಂತ ಹೇಳ್ಸಿ ಮೇಡಂ” ಎಂದು ಬೇಡಿಕೊಂಡೆ. ಪಾಪ, ಅದನ್ನೂ ಹೇಳಿಸಿದಳು. ಹೇಳಿಸಿ, ನನ್ನ ಮುಖ ನೋಡಿ ಕೇಳಿದಳು, “ಮನೇಲಿ ಏನಾದ್ರೂ ಜಗಳ ಆಗಿತ್ತೇನ್ರೀ? ನೀವು ಮಗಳಾ, ಸೊಸೆನಾ?”

“ಸೊಸೆ” ಅಂದೆ.

“ಬೇಜಾರು ಮಾಡ್ಕೋಬೇಡಿ. ಮೈಸೂರಿಗೆ ಕರ್ಕೊಂಡು ಬಂದು ಬಿಟ್ಟೋಗೋರೂ ಇರ್ತಾರೆ, ಅದಕ್ಕೆ ಕೇಳ್ದೆ.”

ನಾದಿನಿ ಅದನ್ನು ಕೇಳಿಸಿಕೊಂಡಳು. ಅಲ್ಲಿಯ ತನಕ ನನ್ನ ಕೈ ಹಿಡಿದೇ ಓಡಾಡುತ್ತಿದ್ದವಳು ಕೈ ಬಿಟ್ಟಳು. “ಅತ್ತಿಗೆ, ಬೆಳಗ್ಗೆಯಿಂದ ಅವ್ವನ ಜೊತೆ ಒಂದ್ ಮಾತಾಡಿಲ್ಲ ನೀವು. ಅವ್ವ ಒಂಟೋದಾಗ ನೀವು ನೋಡುದ್ರಾ? ನಿಜ ಏಳಿ.”

“ನೋಡ್ದೆ ಕಣೆ.”

“ನೋಡಿ? ನೋಡಿ ಸುಮ್ನಿದ್ರಾ?”

“ಒಂಟೋರ್ನ ಕರೀಬಾರ್ದು ಅಂತ ನಿಮ್ಮವ್ವನೇ…” ಅಂದೆ. ಅಂದಕೂಡಲೇ ಆ ಮಾತು ಎಷ್ಟು ಹೇಸಿಗೆಯದು ಎಂದು ನನಗೇ ಗೊತ್ತಾಯಿತು. ಕರೆಯದೆ ಇದ್ದದ್ದು ಶಾಸ್ತ್ರಕ್ಕಾಗಿಯೋ, ಸಿಟ್ಟಿಗಾಗಿಯೋ? ಇಪ್ಪತ್ತಾರು ವರ್ಷದಲ್ಲಿ ಅತ್ತೆಯ ಎಷ್ಟು ಶಾಸ್ತ್ರಗಳನ್ನು ನಾನು ಗಾಳಿಗೆ ತೂರಿಲ್ಲ! ಅದೊಂದು ಆ ಗಳಿಗೆಯಲ್ಲಿ ನನಗೆ ಅನುಕೂಲವಾಗಿತ್ತು. ನಾದಿನಿ ನೆಲಕ್ಕೆ ಕುಕ್ಕರಿಸಿ, “ನಮ್ಮವ್ವನ್ನ ಬೇಕಂತ್ಲೇ ಬುಟ್ಬುಟ್ರಲ್ಲಾ” ಎಂದು ಗೋಳಾಡತೊಡಗಿದಳು. ಜನ ಸುತ್ತ ನೆರೆದರು. ಒಬ್ಬಿಬ್ಬರು ಮೊಬೈಲು ಎತ್ತಿದರು. ಅರಮನೆ ನೋಡಲು ಬಂದವರು ನಮ್ಮನ್ನು ನೋಡುತ್ತ ನಿಂತರು.

ಆಗ ಗಂಡನ ಫೋನು ಬಂತು. ಹಸಿರು ಗುಂಡಿ ಒತ್ತುವುದಕ್ಕೆ ಮೂರು ಸಲ ಬೇಕಾಯಿತು.

“ಏನ್ ಮಾಡ್ತಿದ್ದೀರಿ? ಅವ್ವ ಊಟ ಮಾಡ್ತಾ?”

“ಮಾಡುದ್ರು” ಅಂದೆ.

ಸುಳ್ಳು ಅಷ್ಟು ಸಲೀಸಾಗಿ ಬಂತಲ್ಲ ಅಂತ ಇವತ್ತಿಗೂ ಮೈ ಜುಂ ಅನ್ನುತ್ತದೆ. ನಿಜ ಹೇಳಲು ಧೈರ್ಯವಿರಲಿಲ್ಲ. ಅವ್ವ ಅಂದರೆ ಅವರಿಗೆ ಪ್ರಾಣ. ಈ ಮಾತು ಕೇಳಿದ ಮೇಲೆ ನಾನು ಆ ಮನೆಯ ಹೊಸಿಲು ತುಳಿಯುವುದು ಹೇಗೆ? ಫೋನ್ ಇಟ್ಟುಬಿಡಲಿ ದೇವರೇ ಅಂದುಕೊಳ್ಳುತ್ತಿದ್ದೆ. ಅವರು ಇಡಲಿಲ್ಲ.

“ಗಡಿಯಾರ ತೋರ್ಸುದ್ರಾ? ರಾತ್ರಿಯೆಲ್ಲಾ ಅದೇ ಏಳ್ತಿತ್ತು ಕಣೆ. ಮದ್ವೆ ಒಸದ್ರಲ್ಲಿ ಅಪ್ಪ ಅಲ್ಲಿ ಕೂರ್ಸಿ ಸೀರೆ ತರಕ್ಕೋಗಿತ್ತಂತೆ. ಜನದಲ್ಲಿ ಎಲ್ಲಾದ್ರೂ ತಪ್ಪೋದ್ರೆ ಈ ಗಡಿಯಾರದ ತಾವ ಬಂದು ಕೂತಿರು, ಎಷ್ಟೊತ್ತಾದ್ರೂ ನಾನ್ ಬತ್ತೀನಿ ಅಂದಿತ್ತಂತೆ. ತೋರ್ಸು ಒಸಿ.”

“ಆಯ್ತು” ಅಂದವಳೇ ಫೋನ್ ಕಟ್ ಮಾಡಿದೆ. ಈ ಕತೆಯನ್ನು ಅತ್ತೆ ನನಗೂ ಹೇಳಿದ್ದರು. ಒಂದು ಸಲವಲ್ಲ, ಹತ್ತು ಸಲ, ಹೊಗೆಸೊಪ್ಪು ಪೋಣಿಸುತ್ತ ಕೂತಾಗಲೆಲ್ಲ. ಸೀರೆ ಯಾವ ಬಣ್ಣ ಅನ್ನುವುದೂ ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಅವರು ಶುರುಮಾಡಿದ್ದೂ ಅದನ್ನೇ.

ಚಪ್ಪಲಿ ಸ್ಟ್ಯಾಂಡಿನಿಂದ ಅತ್ತೆಯ ಹವಾಯಿ ಚಪ್ಪಲಿ ಇಸಿದುಕೊಂಡೆ. ನಮ್ಮವನ್ನು ಮೆಟ್ಟಿಕೊಳ್ಳಲೂ ಪುರಸೊತ್ತಿಲ್ಲ. ದಾರಿ ಕೇಳಿಕೊಂಡು ಇಬ್ಬರೂ ಬರಿಗಾಲಲ್ಲಿ ಓಡಿದೆವು. ಟಾರು ಕಾದ ಹೆಂಚಾಗಿತ್ತು. ನಾನು ಹಾರಿ ಹಾರಿ ಕಾಲಿಡುತ್ತಿದ್ದೆ, ಇದೇ ಟಾರಿನ ಮೇಲೆ ಆ ಎಪ್ಪತ್ತರ ಕಾಲುಗಳು ಹೋಗಿದ್ದವು. ಸರ್ಕಲ್ಲಿನಲ್ಲಿ ನಾಲ್ಕೂ ಕಡೆಯಿಂದ ಬಸ್ಸು, ಆಟೋ. ಈ ರಸ್ತೆಯನ್ನು ಅವರು ದಾಟಿದರೋ, ದಾಟುವಾಗಲೇ ಏನಾದರೂ ಆಗಿಹೋಯಿತೋ? ರಸ್ತೆಯ ಅಂಚಿನಲ್ಲಿ ಜನ ಗುಂಪುಗೂಡಿದ್ದರು. ನನ್ನ ಕಾಲು ಅಲ್ಲೇ ನಿಂತಿತು. ನಾದಿನಿ ಹೋಗಿ ಇಣುಕಿದಳು. ಯಾರೋ ಕಲ್ಲಂಗಡಿ ಮಾರುತ್ತಿದ್ದರು.

ಗಡಿಯಾರದ ಕಟ್ಟೆಯ ಮೇಲೆ, ನೆರಳು ಬಿದ್ದ ಕಡೆ, ಹಸಿರು ಸೀರೆ ಕಾಣಿಸಿತು. ನನಗೆ ನಂಬಿಕೆ ಬರಲಿಲ್ಲ. ಆಗಿನಿಂದ ಅಷ್ಟೊಂದು ಹಸಿರು ಸೀರೆಗಳು ಮೋಸ ಮಾಡಿದ್ದವಲ್ಲ. ಹತ್ತಿರ ಹೋದೆ. ಅತ್ತೆಯೇ. ಸೆರಗನ್ನು ತಲೆಗೆ ಹೊದ್ದು, ಕಾಲನ್ನು ಮೇಲಕ್ಕೆಳೆದುಕೊಂಡು ಮುದುಡಿ ಕೂತಿದ್ದರು. ಪಕ್ಕದಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟ ನೀರಿನ ಬಾಟಲಿ, ಅರ್ಧ ತಿಂದ ಬಾಳೆಹಣ್ಣು. ಮಗಳು ಹೋಗಿ ತಬ್ಬಿಕೊಂಡು ಅಳತೊಡಗಿದಳು. “ಸುಮ್ಕಿರು, ಸತ್ತೋದ್ನಾ ನಾನು?” ಎಂದು ಅವಳನ್ನು ಗದರಿದರು. ನನ್ನ ಕಡೆ ತಿರುಗಲಿಲ್ಲ.

ಅವರ ಕಾಲ ಬಳಿ ಕೂತು ಚಪ್ಪಲಿ ಹಾಕಲು ಹೋದೆ. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಹಾಕಲಾಗಲಿಲ್ಲ. ಚಪ್ಪಲಿ ಹಿಡಿದುಕೊಂಡೇ ಕೂತೆ.

“ಎಲ್ಲೋಗಕ್ಕೆ ಒಂಟಿದ್ರಿ ಅತ್ತೆ?” ಅಂದೆ. ಕೊನೆಗೂ ಕೇಳಿದೆ.

“ಎಲ್ಲಿಗೂ ಇಲ್ಲ.” ತಲೆಯ ಸೆರಗು ಮುಂದಕ್ಕೆಳೆದುಕೊಂಡು ಅಂದರು, “ನೀ ನೋಡ್ದೆ ಕಣೆ. ನಾನೂ ನೋಡ್ದೆ, ನೀ ನೋಡಿದ್ನ. ಎಲ್ಡು ಸತಿ ತಿರುಗಿದೆ, ಕರೀತೀಯೇನೋ ಅಂತ. ನೀ ಕರೀನಿಲ್ಲ. ಇನ್ನೊಸಿ ಮುಂದಕ್ಕೋದೆ, ಈಗ ಕರೀತಾಳೆ ಅಂತ. ಆಮೇಕೆ ತಿರುಗಿದ್ರೆ ನೀವೇ ಇಲ್ಲ. ಬರೀ ಜನ.”

“ಒಂಟೋರ್ನ ಹಿಂದ್ಲಿಂದ ಕರೀಬಾರ್ದು ಅಂತ ನೀವೇ ಅಲ್ವಾ ಏಳ್ಕೊಟ್ಟಿದ್ದು?”

“ಏಳಿದ್ದೆ ಬುಡು. ಅದು ಕೆಲ್ಸಕ್ಕೆ ಒಂಟೋರ್ಗೆ. ಮುನ್ಸ್ಕೊಂಡು ಒಂಟೋರ್ನ ಯಾರಾನಾ ಕರೀದೆ ಇರ್ತಾರಾ?”

ಚೀಲ ಬಿಚ್ಚಿ ರೊಟ್ಟಿ ಕೊಟ್ಟೆ. ಮಾತ್ರೆ, ಕಾರ್ಡು ಎಲ್ಲವನ್ನೂ ಅವರ ಮಡಿಲಿಗೇ ಹಾಕಿದೆ. ಅವರು ರೊಟ್ಟಿ ಮುರಿದು ಬಾಯಿಗಿಟ್ಟರು. “ಭಯ ಆಯ್ತಾ?” ಎಂದೆ. “ಭಯ ಏನ್ ಬಂತು, ಕಾಡಾ ಇದು?” ಅಂದರು. ಅಂದು, ಎಡಗೈಯಲ್ಲಿ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮೃಗಾಲಯದ ಹೆಸರನ್ನು ಯಾರೂ ಎತ್ತಲಿಲ್ಲ. ನಾದಿನಿ ನಮ್ಮಿಬ್ಬರ ಚಪ್ಪಲಿ ತಂದಳು. ಆಟೋ ಹತ್ತುವಾಗ, ಬಸ್ಸಿನಲ್ಲಿ, ಬಿಳಿಕೆರೆ ದಾಟಿ ಹುಣಸೂರು ಬರುವ ತನಕ ಅತ್ತೆ ಆ ಸೆರಗು ಬಿಡಲಿಲ್ಲ. ನಿದ್ದೆ ಹೋದಾಗಲೂ ಬಿಡಲಿಲ್ಲ. ನನಗೆ ನಿದ್ದೆಯೂ ಬರಲಿಲ್ಲ, ಕಣ್ಣು ಮುಚ್ಚಿದರೆ ಆ ಕಲ್ಲಂಗಡಿಯ ಗುಂಪು.

ಗಂಡನಿಗೆ ಆ ರಾತ್ರಿ ಎಲ್ಲ ಹೇಳಿದೆ. ‘ಮಾಡುದ್ರು’ ಎಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನ್ಯಾಯವೇ. ಮೂರನೆಯ ದಿನ ಅತ್ತೆಯೇ ಮಗನನ್ನು ಬೈದು ಮಾತಾಡಿಸಿದರು.

ಆಮೇಲೆ ನಮ್ಮ ಮನೆಯಲ್ಲಿ ಒಂದು ಹೊಸ ಶಾಸ್ತ್ರ ಶುರುವಾಗಿದೆ. ಅತ್ತೆ ಅಂಗಡಿಗೆ ಹೊರಟರೂ, ಹಿತ್ತಿಲಿಗೆ ಹೊರಟರೂ ನಾನು ಒಳಗಿನಿಂದ ಬೀದಿಗೆಲ್ಲ ಕೇಳುವ ಹಾಗೆ “ಎಲ್ಲಿಗತ್ತೇ?” ಎಂದು ಕೂಗುತ್ತೇನೆ. ಅವರು ಹಾಳಾದ ಬಾಯಿ ಅಂತ ಬೈದುಕೊಂಡು ಒಳಗೆ ಬರುತ್ತಾರೆ, ಕೂರುತ್ತಾರೆ, ನೀರು ಕುಡಿಯುತ್ತಾರೆ, ಹೋಗುತ್ತಾರೆ. ಊರಿನವರು ನಗುತ್ತಾರೆ. ನಗಲಿ. ಅವರು ವಾಪಸು ಬರುವ ತನಕ ನನ್ನ ಕಿವಿ ಬಾಗಿಲ ಕಡೆಗೇ ಇರುತ್ತದೆ. ಆ ಭಯ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮೊನ್ನೆ ಅಂಗನವಾಡಿಯ ರಿಜಿಸ್ಟರು ಬರೆಯುತ್ತ ಕೂತಿದ್ದೆ. ಅತ್ತೆ ಚೀಲ ಹಿಡಿದು ಹೊರಟಿದ್ದನ್ನು ಗಮನಿಸಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ತಲೆ ಎತ್ತಿದೆ. ಒಂದು ಕಾಲು ಹೊಸಿಲಿನ ಹೊರಗೆ, ಒಂದು ಕಾಲು ಒಳಗೆ ಇಟ್ಟುಕೊಂಡು ಅತ್ತೆ ನಿಂತಿದ್ದರು.

“ಯಾಕೆ, ಇವತ್ತು ಕೇಳಲ್ವಾ?” ಅಂದರು.